ಹಿಂದಿನವರ ಹೆಜ್ಜೆಯೇ ನಮ್ಮ ಅಳತೆ

(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ವರ್ಷ ಕೂಟದ ಪ್ರವಾಸವೆಂದರೆ ವ್ಯಾನು ಹತ್ತಿ ಅಣೆಕಟ್ಟು ನೋಡಿ ಬರುವುದು ಬೇಡ, ಒಂದು ದಿನ ಬೆಟ್ಟ ಸುತ್ತಿ ಬರೋಣ ಎಂದು ಯುವಕರು ಕೇಳಿದ್ದಾರೆ. ಒಂದು ಮಗ್ಗುಲಲ್ಲಿ ಶೋಲಾ ಕಾಡಿನೊಳಗೆ ಏರಿ, ನೆತ್ತಿಯ ಹುಲ್ಲುಗಾವಲಿನ ಮೇಲೆ ನಡೆದು, ಇನ್ನೊಂದು ಮಗ್ಗುಲಲ್ಲಿ ಇಳಿದು, ಹೊರಟ ಜಾಗಕ್ಕೇ ಬಂದು ಸೇರುವ ಸುತ್ತು ದಾರಿ ಅವರ ಮನಸ್ಸಿನಲ್ಲಿದೆ. ಅವಲಾಂಚಿಯ ಕಡೆ, ಕೋಲಾರಿ ಬೆಟ್ಟದ ದಿಕ್ಕಿನಲ್ಲಿ ಹೋಗಬೇಕೆಂಬುದು ಅವರ ಆಸೆ. ಇದನ್ನು ಕೇಳಿ ಹಿರಿಯರೊಬ್ಬರು, "ದಿನವೂ ಗುಡ್ಡ ಹತ್ತುವವರಿಗೆ ರಜೆಯಲ್ಲೂ ಗುಡ್ಡವೇ?" ಎಂದರು. ನ್ಯಾಯವಾದ ಪ್ರಶ್ನೆ. ಮೊದಲು ಅದಕ್ಕೆ ಉತ್ತರ ಹೇಳಿ, ಆಮೇಲೆ ಏರ್ಪಾಟಿನ ಮಾತಿಗೆ ಬರುತ್ತೇವೆ.

ಕೆಲಸದ ದಿನ ನಾವು ಏರುವ ಗುಡ್ಡ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬೀಳುವುದು ಮುಂದಿನ ಗಿಡ, ಬೆನ್ನಿನ ಮೇಲಿನ ಭಾರ, ತೂಕದ ತಕ್ಕಡಿ, ಮೇಸ್ತ್ರಿಯ ಮುಖ. ವಾರಕ್ಕೊಂದು ದಿನ ವಿಶ್ರಾಂತಿ ಎಂಬ ಮಾತು 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ಬರೆಯಲ್ಪಟ್ಟಿತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ವಾರದ ರಜೆ ಅದರಲ್ಲೂ ಉಂಟು. ಆದರೆ ರಜೆ ಎಂದರೆ ಬಟ್ಟೆ ಒಗೆಯುವ ದಿನ, ಸೌದೆ ತರುವ ದಿನ ಎಂದು ಮಾತ್ರ ನಮ್ಮ ಲೈನ್ ಮನೆಗಳಲ್ಲಿ ರೂಢಿಯಾಗಿದೆ. ತಲೆ ಎತ್ತಿ ಬೆಟ್ಟ ನೋಡುವ ಹಕ್ಕು ಪಟ್ಟಣದಿಂದ ಕಾರಿನಲ್ಲಿ ಬರುವವರಿಗೆ ಮಾತ್ರ ಇರುವುದಲ್ಲ. ಆದುದರಿಂದ ಯುವಕರ ಬೇಡಿಕೆಗೆ ನಮ್ಮ ಒಪ್ಪಿಗೆ ಇದೆ. ಆದರೆ ಒಪ್ಪಿಗೆಯ ಜೊತೆಗೆ ಒಂದು ಕರಾರೂ ಇದೆ. ಹೋಗುವವರೆಲ್ಲರೂ ಒಂದೇ ಗುಂಪಾಗಿ ಹೋಗಿ ಒಂದೇ ಗುಂಪಾಗಿ ಬರಬೇಕು. ಈ ಒಂದು ಮಾತನ್ನು ಹಿಡಿದುಕೊಂಡರೆ ಮಿಕ್ಕ ಏರ್ಪಾಟುಗಳೆಲ್ಲ ಅದರ ಹಿಂದೆಯೇ ಬರುತ್ತವೆ.

ಮೊದಲು, ಯಾವ ದಿನ? ಭಾನುವಾರ ಬೆಳಗಿನ ಆರಾಧನೆ ಮುಗಿಸಿ ಹೊರಟರೆ ಹೊತ್ತು ಏರಿರುತ್ತದೆ, ಅದು ಆಗದ ಮಾತು. ಹಾಗಾದರೆ ಸಂಬಳ ಸಹಿತವಾದ ರಾಷ್ಟ್ರೀಯ ರಜೆಗಳನ್ನು ಒಂದೊಂದಾಗಿ ನೋಡೋಣ. ಮೇ 1 ನಮ್ಮ ಮೆರವಣಿಗೆಯ ದಿನ. ಅದಲ್ಲದೆ ಆ ತಿಂಗಳಲ್ಲಿ ಮಧ್ಯಾಹ್ನವಾದರೆ ಗುಡುಗು ಮಿಂಚು. ಬೆಟ್ಟದ ನೆತ್ತಿಯ ಬಯಲಲ್ಲಿ ನಿಂತ ಮನುಷ್ಯನೇ ಸಿಡಿಲಿಗೆ ಎತ್ತರದ ಮರ. ಆಗಸ್ಟ್ 15 ನಡು ಮಳೆಗಾಲ. ಅಕ್ಟೋಬರ್ 2ರ ಹೊತ್ತಿಗೆ ಒಂದು ಮುಂಗಾರು ಮುಗಿದು ಇನ್ನೊಂದು ಮಳೆ ಬರುವ ಸಂಧಿಕಾಲ. ನೆಲ ಒದ್ದೆ, ಇಂಬಳದ ಕಾಟ. ಉಳಿಯುವುದು ಜನವರಿ 26. ಆಗ ಆಕಾಶ ತಿಳಿ, ನೆಲ ಗಟ್ಟಿ, ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ. ಬೆಳಿಗ್ಗೆ ಮೇಲಿನ ನೀಲಗಿರಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿ ಇರುತ್ತದೆ, ಅದಕ್ಕೆ ಬಟ್ಟೆ ಇದೆ. ಮಳೆಗೂ ಬೆಂಕಿಗೂ ಬಟ್ಟೆಯಿಲ್ಲ.

ಮಳೆಯ ಮಾತನ್ನು ನಾವು ಸುಮ್ಮನೆ ಎತ್ತಲಿಲ್ಲ. ಅವಲಾಂಚಿ ಎಂಬ ಹೆಸರು ಆ ಜಾಗಕ್ಕೆ ಬಂದದ್ದೇ ಹಿಂದೊಂದು ಕಾಲದ ದೊಡ್ಡ ಭೂಕುಸಿತದಿಂದ. 2019ರ ಆಗಸ್ಟಿನಲ್ಲಿ ಅಲ್ಲಿ ಒಂದೇ ದಿನದಲ್ಲಿ 80 ಸೆಂಟಿಮೀಟರಿಗಿಂತ ಹೆಚ್ಚು ಮಳೆ ಸುರಿಯಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಬೆಟ್ಟವೇ ಇಳಿದು ಬಂದಾಗ ಹೋದವರಲ್ಲಿ ನಮ್ಮ ಹಾಗೆಯೇ ಪಾಡಿಗಳಲ್ಲಿ ಮಲಗಿದ್ದ ತೋಟದ ಕುಟುಂಬಗಳಿದ್ದವು. ಮಳೆ ಹಿಡಿದ ಬೆಟ್ಟವನ್ನು ಧೈರ್ಯದಿಂದ ಗೆಲ್ಲಲಾಗುವುದಿಲ್ಲ. ಅದರಿಂದ ದೂರ ಇರುವುದೊಂದೇ ಬುದ್ಧಿ. ಹಿಂದಿನ ಎರಡು ದಿನ ಅಕಾಲ ಮಳೆ ಬಿದ್ದರೆ ಜನವರಿಯಾದರೂ ಹೋಗುವುದಿಲ್ಲ ಎಂದು ಇವತ್ತೇ ಬರೆದಿಡೋಣ.

ಎರಡನೆಯದು ಅನುಮತಿ. ಕಾಡು ನಮ್ಮ ತೋಟದ ಬೇಲಿಯಾಚೆ ಇದೆ, ಕಾಲುದಾರಿ ಹುಡುಗರಿಗೆ ಗೊತ್ತಿದೆ, ಯಾರನ್ನು ಕೇಳುವುದೇಕೆ ಎನ್ನುವವರಿದ್ದಾರೆ. ಅವರಿಗೆ ಕುರಂಗಣಿಯನ್ನು ನೆನಪಿಸುತ್ತೇವೆ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಆ ಬೆಟ್ಟದಲ್ಲಿ, ಚೆನ್ನೈ ಮತ್ತು ಕೊಂಗುನಾಡಿನ ಊರುಗಳಿಂದ ನಡೆಯಲು ಬಂದಿದ್ದವರು ಕೊಳುಕ್ಕುಮಲೆ ಚಹಾ ತೋಟದ ಕಡೆಯಿಂದ ಇಳಿಯುತ್ತಿದ್ದಾಗ ಒಣಹುಲ್ಲಿಗೆ ಹತ್ತಿದ ಬೆಂಕಿ ಅವರನ್ನು ಸುತ್ತುವರಿಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಎಳೆಯ ವಯಸ್ಸಿನವರು. ಬೆಂಕಿ ಇಳಿಜಾರಿನಲ್ಲಿ ಕೆಳಗಿನಿಂದ ಮೇಲಕ್ಕೆ ಓಡುವಷ್ಟು ವೇಗವಾಗಿ ಮನುಷ್ಯ ಓಡಲಾರ. ಮೇಲಿನ ಹುಲ್ಲು ಮೊದಲೇ ಬಿಸಿಯಾಗಿ ಹೊತ್ತಿಕೊಳ್ಳಲು ಕಾದಿರುತ್ತದೆ. ಆ ದುರಂತದ ಮೇಲೆ ತಮಿಳುನಾಡು ಸರಕಾರ ಬೆಟ್ಟ ನಡಿಗೆಗೆ ನಿಯಮಗಳನ್ನು ಮಾಡಿತು. 2024ರ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆಯೇ ರಾಜ್ಯದಲ್ಲಿ 40 ದಾರಿಗಳನ್ನು ಗೊತ್ತುಮಾಡಿ, ಸ್ಥಳೀಯ ಮಾರ್ಗದರ್ಶಿಗಳನ್ನು ಕೊಟ್ಟು ಕಳುಹಿಸುವ ಏರ್ಪಾಡನ್ನು ಆರಂಭಿಸಿತು. ನೀಲಗಿರಿಯ ದಾರಿಗಳೂ ಅದರಲ್ಲಿವೆ.

ಆದುದರಿಂದ ನಮ್ಮ ಮೊದಲ ಕೆಲಸ, ಇಬ್ಬರು ಹೋಗಿ ಅರಣ್ಯ ಕಚೇರಿಯಲ್ಲಿ ಕೇಳಿ ಬರುವುದು. ಯಾವ ದಾರಿ ತೆರೆದಿದೆ, ಎಷ್ಟು ಜನಕ್ಕೆ, ಎಷ್ಟು ವಯಸ್ಸಿನ ಮಕ್ಕಳಿಗೆ, ಶುಲ್ಕವೆಷ್ಟು, ಸಂಜೆ ಎಷ್ಟು ಗಂಟೆಯೊಳಗೆ ಹೊರಗಿರಬೇಕು ಎಂದು ಕೇಳಿ ಬರೆದುಕೊಂಡು ಬರಬೇಕು. ಕೋಲಾರಿ ಬೆಟ್ಟ 2,600 ಮೀಟರಿಗಿಂತ ಎತ್ತರದ್ದು, ಮುಕುರ್ತಿ ರಾಷ್ಟ್ರೀಯ ಉದ್ಯಾನದ ಕಾಡು ಅದು. ಅಲ್ಲಿಗೆ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ. ಇಲಾಖೆಯವರು ಸುತ್ತು ದಾರಿ ಬೇಡ, ಹೋದ ದಾರಿಯಲ್ಲೇ ಬನ್ನಿ ಎಂದರೆ ಹಾಗೆಯೇ ಬರೋಣ. ಬೇರೆ ಬೆಟ್ಟ ತೋರಿಸಿದರೆ ಅದನ್ನೇ ಏರೋಣ. ಬಡವರ ಗುಂಪು ನಿಯಮ ಮೀರಿ ಸಿಕ್ಕಿಬಿದ್ದರೆ ಏನಾಗುತ್ತದೆಂದು ನಿಮಗೆ ವಿವರಿಸಬೇಕಿಲ್ಲ.

ಮೂರನೆಯದು ಸುತ್ತು ದಾರಿಯ ಗುಣ. ಹೋಗಿ ಬರುವ ದಾರಿಗೂ ಸುತ್ತು ದಾರಿಗೂ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿ. ಹೋದ ದಾರಿಯಲ್ಲೇ ಬರುವಾಗ ನಮಗೆ ಎಲ್ಲಿ ಹಳ್ಳವಿದೆ, ಎಲ್ಲಿ ಜಾರುಬಂಡೆ ಇದೆ ಎಂದು ಗೊತ್ತು. ದಣಿವಾದರೆ ಯಾವ ಕ್ಷಣದಲ್ಲಾದರೂ ತಿರುಗಬಹುದು. ಸುತ್ತು ದಾರಿಯಲ್ಲಿ ಹಾಗಲ್ಲ. ಅರ್ಧ ದಾಟಿದ ಮೇಲೆ ಹಿಂದಕ್ಕೂ ದೂರ, ಮುಂದಕ್ಕೂ ದೂರ. ಮುಂದಿರುವುದೆಲ್ಲ ಕಾಣದ ದಾರಿ. ಅದೂ ದಣಿದ ಕಾಲಿಗೆ ಇಳಿತ ಸಿಗುತ್ತದೆ. ಏರುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಮಂಡಿ ಸೋಲುತ್ತದೆ. ಬೆಟ್ಟದಲ್ಲಿ ಕಾಲು ಉಳುಕುವುದು ಹೆಚ್ಚಾಗಿ ಇಳಿಯುವಾಗಲೇ ಎಂದು ಹೊರೆ ಹೊತ್ತು ಇಳಿದ ನಮ್ಮ ಅಕ್ಕಂದಿರೆಲ್ಲರಿಗೂ ಗೊತ್ತು.

ಹಾಗಾದರೆ ಯಾವ ಕಡೆಯಿಂದ ಸುತ್ತಬೇಕು? ಮಾರ್ಗದರ್ಶಿ ಒಪ್ಪಿದರೆ, ಕಡಿದಾದ ಮಗ್ಗುಲನ್ನು ಬೆಳಗಿನ ತಂಪಿನಲ್ಲಿ ಏರಿ, ಇಳುಕಲು ಕಡಿಮೆ ಇರುವ ಮಗ್ಗುಲಲ್ಲಿ ಇಳಿಯಬೇಕು. ಹಳ್ಳ ದಾಟುವುದಿದ್ದರೆ ಅದು ಬೆಳಗಿನ ಪಾಲಿಗೆ ಬರಲಿ. ಮಧ್ಯಾಹ್ನ ಮೇಲೆಲ್ಲೋ ಮಳೆ ಬಿದ್ದರೂ ಕೆಳಗೆ ಹಳ್ಳ ಉಬ್ಬುತ್ತದೆ. ದಾರಿ ಕವಲಾಗುವ ಕಡೆಯೆಲ್ಲ ಮುಂದಿದ್ದವರು ನಿಂತು ಹಿಂದಿನವರು ಬರುವವರೆಗೆ ಕಾಯಬೇಕು. ಗುಂಪು ಒಡೆಯುವುದು ಕವಲಿನಲ್ಲೇ.

ನಾಲ್ಕನೆಯದು ಗಂಟೆಯ ಲೆಕ್ಕ. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬ ಬೆಟ್ಟ ಹತ್ತುವವರು 1892ರಲ್ಲಿ ಒಂದು ಸುಲಭ ಲೆಕ್ಕ ಹೇಳಿಕೊಟ್ಟರು. ಅದನ್ನು ನಮ್ಮ ಅಳತೆಗೆ ತಂದರೆ ಹೀಗೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿ ಕಾಲಿನವರ, ನಿಲ್ಲದೆ ನಡೆಯುವವರ ಲೆಕ್ಕ. ನಮ್ಮಲ್ಲಿ ಐವತ್ತು ದಾಟಿದವರಿದ್ದಾರೆ, ಶಾಲೆಯ ಮಕ್ಕಳಿದ್ದಾರೆ, ಇಪ್ಪತ್ತು ವರ್ಷ ಚಿಗುರು ಕೊಯ್ದು ಮಂಡಿ ನೋವು ತಂದುಕೊಂಡವರಿದ್ದಾರೆ. ಆದುದರಿಂದ ಗಂಟೆಗೆ 3 ಕಿಲೋಮೀಟರ್ ಎಂದೇ ಹಿಡಿಯಬೇಕು.

ಉದಾಹರಣೆಗೆ ಸುತ್ತು ದಾರಿ 12 ಕಿಲೋಮೀಟರ್, ಏರು 600 ಮೀಟರ್ ಎಂದಿಟ್ಟುಕೊಳ್ಳಿ. ನಡಿಗೆಗೆ 4 ಗಂಟೆ, ಏರಿಗೆ 1 ಗಂಟೆ, ಗಂಟೆಗೆ ಹತ್ತು ನಿಮಿಷದ ಹಾಗೆ ವಿಶ್ರಾಂತಿಗೆ 50 ನಿಮಿಷ, ಊಟಕ್ಕೆ 40 ನಿಮಿಷ. ಒಟ್ಟು ಆರೂವರೆ ಗಂಟೆ. ಬೆಳಿಗ್ಗೆ 7ಕ್ಕೆ ಹೆಜ್ಜೆ ಹಾಕಿದರೆ ಮಧ್ಯಾಹ್ನ ಒಂದೂವರೆಗೆ ಮುಗಿಯಬೇಕು. ಯಾರಿಗಾದರೂ ಕಾಲು ಉಳುಕಿದರೆ, ಆನೆ ದಾರಿಯಲ್ಲಿ ನಿಂತರೆ, ಮಂಜು ಮುಸುಕಿದರೆ ಎಂದು ಎರಡು ಗಂಟೆ ಕೈಯಲ್ಲಿಟ್ಟುಕೊಳ್ಳಬೇಕು. ಮೂರೂವರೆ. ಜನವರಿ ಕೊನೆಯಲ್ಲಿ ಸೂರ್ಯ ಮುಳುಗುವುದು ಆರೂಕಾಲರ ಸುಮಾರಿಗೆ. ಆದರೆ ಮರದ ನೆರಳಿನಲ್ಲಿ ಕತ್ತಲೆ ಅದಕ್ಕಿಂತ ಮೊದಲೇ ಬರುತ್ತದೆ. ಏನೇ ಆದರೂ ನಾಲ್ಕಕ್ಕೆ ಎಲ್ಲರೂ ವ್ಯಾನಿನ ಬಳಿ ಇರಬೇಕು. ಗುಡಲೂರು, ಪಂದಲೂರು ಕಡೆಯವರು ಆ ದಿನ ನಸುಕಿನಲ್ಲಿ ಘಾಟಿ ಹತ್ತಿ ಬರುವುದು ಬೇಡ. ಹಿಂದಿನ ಸಂಜೆಯೇ ಉದಕಮಂಡಲಕ್ಕೆ ಬಂದು ಸಭಾಮಂದಿರದಲ್ಲಿ ಮಲಗಲಿ. ನಿದ್ದೆಗೆಟ್ಟವನ ಕಾಲು ಎಲ್ಲಿ ಬೀಳುತ್ತದೆಂದು ಅವನಿಗೇ ತಿಳಿಯದು.

ಈ ಲೆಕ್ಕದಿಂದ ಒಂದು ಮುಖ್ಯ ನಿಯಮ ಹುಟ್ಟುತ್ತದೆ. ಇಂಥ ದಾರಿಯಲ್ಲಿ ನೆತ್ತಿ ಮುಟ್ಟಬೇಕಾದದ್ದು ಹತ್ತೂವರೆಯ ಒಳಗೆ. ಹನ್ನೊಂದೂವರೆಯಾದರೂ ನೆತ್ತಿ ಸಿಗದಿದ್ದರೆ, ಎಲ್ಲಿದ್ದೇವೋ ಅಲ್ಲಿಂದಲೇ ತಿರುಗಿ, ಏರಿದ ದಾರಿಯಲ್ಲೇ ಇಳಿಯಬೇಕು. "ಇನ್ನು ಸ್ವಲ್ಪವೇ, ಕಾಣುತ್ತಿದೆ" ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಈ ಗಂಟೆಯನ್ನು ಬೆಟ್ಟದ ಮೇಲೆ ನಿಂತು ನಿರ್ಣಯಿಸಬಾರದು. ಕೆಳಗೆ, ಇಲ್ಲಿ, ಹೊಟ್ಟೆ ತುಂಬಿರುವಾಗ, ಎಲ್ಲರೂ ಕೂತು ನಿರ್ಣಯಿಸಬೇಕು. ಮುಷ್ಕರದ ಹಿಂದಿನ ರಾತ್ರಿ ಯಾವ ಮಾತಿಗೆ ಒಪ್ಪುತ್ತೇವೆ, ಯಾವುದಕ್ಕೆ ಒಪ್ಪುವುದಿಲ್ಲ ಎಂದು ಮೊದಲೇ ಬರೆದುಕೊಂಡು ಹೋಗುತ್ತೇವಲ್ಲ, ಹಾಗೆ. ಕಚೇರಿಯ ಕುರ್ಚಿಯ ಮುಂದೆ ನಿಂತಾಗ ಮನಸ್ಸು ಸಡಿಲವಾಗುವುದುಂಟು. ನೆತ್ತಿ ಕಣ್ಣಿಗೆ ಬಿದ್ದಾಗಲೂ ಹಾಗೆಯೇ.

ಐದನೆಯದು ನಡೆಯುವ ಕ್ರಮ. ಇಲ್ಲಿ ನಾವು ಯುವಕರಿಗೆ ಸ್ವಲ್ಪ ಖಾರವಾಗಿ ಹೇಳಬೇಕಾಗಿದೆ. ಯಾರು ಮೊದಲು ಮುಟ್ಟುತ್ತಾರೆ ಎಂಬ ಪಂದ್ಯ ಬೇಡ. ಮುಂದೆ ಹೋದವರು ಕೂತು ಕಾಯುತ್ತಾರೆ; ಹಿಂದಿನವರು ಏದುಸಿರು ಬಿಡುತ್ತಾ ಬಂದು ಸೇರುವಷ್ಟರಲ್ಲಿ ಮುಂದಿನವರು ಎದ್ದು ಹೊರಡುತ್ತಾರೆ. ವಿಶ್ರಾಂತಿ ಬೇಕಾದವರಿಗೆ ಇಲ್ಲ, ಬೇಡವಾದವರಿಗೆ ಉಂಟು. ಇದು ನ್ಯಾಯವೇ? ಯಾಕೋಬನು ತನ್ನ ಅಣ್ಣ ಏಸಾವನಿಗೆ ಕೊಟ್ಟ ಉತ್ತರವನ್ನು ನೆನೆಯಿರಿ. ಜೊತೆಯಾಗಿ ಹೋಗೋಣವೆಂದು ಅಣ್ಣ ಕರೆದಾಗ, ಮಕ್ಕಳು ಎಳೆಯವರು, ಹಾಲೂಡುವ ದನಕುರಿಗಳಿವೆ, ಒಂದು ದಿನ ಅವಸರಪಡಿಸಿದರೂ ಮಂದೆ ಉಳಿಯದು, ಆದುದರಿಂದ ಅವುಗಳ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುತ್ತೇನೆಂದು ಅವನು ಹೇಳಿದನು. ಕುರಿ ಕಾಯುವವನ ಅನುಭವದ ಮಾತು ಅದು.

ಆದುದರಿಂದ ಮಾರ್ಗದರ್ಶಿಯ ಹಿಂದೆಯೇ, ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ನಡೆಯಲಿ. ಗುಂಪಿನ ವೇಗ ಅವರ ವೇಗ. ಎಲ್ಲರಿಗಿಂತ ಗಟ್ಟಿಯಾದ ಇಬ್ಬರು ಎಲ್ಲರ ಹಿಂದೆ ಇರಲಿ; ಅವರ ಹಿಂದೆ ಯಾರೂ ಇರಬಾರದು. ಔಷಧಿ ಪೆಟ್ಟಿಗೆ, ಹಗ್ಗ, ಟಾರ್ಚು ಅವರ ಬಳಿ. ಹೊರಡುವಾಗ, ನೆತ್ತಿಯಲ್ಲಿ, ಪ್ರತಿ ಕವಲಿನಲ್ಲಿ, ಕೊನೆಯಲ್ಲಿ ತಲೆ ಎಣಿಸಬೇಕು. ಬೆಳಿಗ್ಗೆ ಮಸ್ಟರಿನಲ್ಲಿ ನಮ್ಮನ್ನು ಎಣಿಸುವುದು ಕೂಲಿಗಾಗಿ. ಇಲ್ಲಿ ನಾವೇ ಒಬ್ಬರನ್ನೊಬ್ಬರು ಎಣಿಸಿಕೊಳ್ಳುವುದು ಪ್ರೀತಿಗಾಗಿ.

ಇನ್ನೊಂದು ಮಾತು. ಹೆಂಗಸರು ಬುತ್ತಿ ಕಟ್ಟಿಕೊಟ್ಟು ಮನೆಯಲ್ಲಿರಲಿ ಎಂಬ ಸಲಹೆ ಬಂದಿತ್ತು. ನಾವು ಅದನ್ನು ಒಪ್ಪುವುದಿಲ್ಲ. ನಮ್ಮ ತೋಟಗಳಲ್ಲಿ ಇಳಿಜಾರಿನಲ್ಲಿ ಕಾಲಿಡುವುದನ್ನು ಅವರಿಗಿಂತ ಚೆನ್ನಾಗಿ ತಿಳಿದವರು ಯಾರು? ಪೂರ್ತಿ ಪಾದ ಊರಿ, ಅಡ್ಡಡ್ಡವಾಗಿ ಏರುವುದು, ಸಡಿಲ ಕಲ್ಲನ್ನು ಮೊದಲು ಒತ್ತಿ ನೋಡುವುದು, ಮಾತಾಡುತ್ತಾ ನಡೆಯುವಷ್ಟು ಉಸಿರು ಉಳಿಸಿಕೊಳ್ಳುವುದು, ಇವನ್ನೆಲ್ಲ ಹುಡುಗರು ಅವರಿಂದ ಕಲಿಯಲಿ. ಏರ್ಪಾಟು ಸಮಿತಿಯ ಐವರಲ್ಲಿ ಮೂವರು ಹೆಂಗಸರಿರಬೇಕೆಂದು ನಮ್ಮ ಸೂಚನೆ. ಬುತ್ತಿಯನ್ನು ಎಲ್ಲ ಮನೆಯವರೂ ಸೇರಿ ಕಟ್ಟೋಣ.

ಆರನೆಯದು ಗಂಟುಮೂಟೆ. ದೊಡ್ಡವರಿಗೆ ಒಬ್ಬೊಬ್ಬರಿಗೆ 3 ಲೀಟರ್ ಕಾಯಿಸಿ ಆರಿಸಿದ ನೀರು. ಹಳ್ಳದ ನೀರು ತಿಳಿಯಾಗಿ ಕಂಡರೂ ಕುಡಿಯಬೇಡಿ. ಕಾಮಾಲೆಯ ಕಷ್ಟ ಲೈನ್ ಮನೆಯವರಿಗೆ ಗೊತ್ತಿದೆ. ಚಪಾತಿ, ಚಿತ್ರಾನ್ನ, ಬೇಯಿಸಿದ ಮರಗೆಣಸು, ಕಡಲೆಕಾಯಿ, ಬೆಲ್ಲ ಸಾಕು. ಬೆವರಿ ಸುಸ್ತಾದವರಿಗೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕೊಡಿ. ಪ್ರತಿ ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ತಂಪು ಹೆಚ್ಚುತ್ತದೆ. ಗುಡಲೂರಿನಿಂದ ಬರುವವರಿಗೆ ಅಲ್ಲಿ 9, 10 ಡಿಗ್ರಿ ಹೆಚ್ಚು ಚಳಿ. ಸ್ವೆಟರು, ತಲೆಗೆ ಬಟ್ಟೆ, ಒಣ ಅಂಗಿಯೊಂದು ಪ್ಲಾಸ್ಟಿಕ್ ಚೀಲದಲ್ಲಿ ಇರಲಿ. ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸಿದರೆ ಮೈ ಬಿಸಿ ಇಳಿಯುತ್ತದೆ. ಯಾರಾದರೂ ನಡುಗುತ್ತಾ ಮಾತು ತೊದಲಿದರೆ ಅದನ್ನು ನಗೆಯಾಡದೆ, ಗಾಳಿ ತಾಗದ ಕಡೆ ಕೂರಿಸಿ, ಒಣಬಟ್ಟೆ ಹಾಕಿ, ಬಿಸಿ ಸಿಹಿ ಚಹಾ ಕೊಡಿ. ಫ್ಲಾಸ್ಕು ಇರುವುದು ಅದಕ್ಕೆ. ಕಾಡಿನಲ್ಲಿ ಒಲೆ ಹೂಡುವಂತಿಲ್ಲ. ಬೀಡಿ, ಬೆಂಕಿಪೊಟ್ಟಣ ವ್ಯಾನಿನಲ್ಲೇ ಬಿಟ್ಟು ಬರಬೇಕು. ಇಂಬಳ ಹತ್ತಿದರೆ ಉಪ್ಪಿನ ಗಂಟು ಒತ್ತಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲುಗಿಸದೆ ಕಟ್ಟಿ, ನಡೆಸದೆ ಹೊತ್ತು, ಆಸ್ಪತ್ರೆಗೆ ಸೇರಿಸಬೇಕು. ಆನೆ, ಕಾಟಿಗಳ ಬಗ್ಗೆ ಪಂದಲೂರಿನವರಿಗೆ ನಾವೇನು ಹೇಳಿಕೊಡುವುದು? ಹಾಡು, ರೇಡಿಯೋ ಬೇಡ. ಮಾರ್ಗದರ್ಶಿ ಕೈ ಎತ್ತಿದರೆ ನಿಲ್ಲಬೇಕು. ತಿರುಗಿ ಎಂದರೆ ತಿರುಗಬೇಕು. ಫೋಟೋಕ್ಕಾಗಿ ಹತ್ತಿರ ಹೋಗುವವನು ಇಡೀ ಗುಂಪಿನ ಜೀವವನ್ನು ಪಣವಿಡುತ್ತಾನೆ.

ಕೊನೆಯದಾಗಿ, ಊರಲ್ಲಿ ಉಳಿಯುವವರ ಕೆಲಸ. ಹೋಗುವವರ ಹೆಸರು, ಹಿಡಿಯುವ ದಾರಿ, ಮರಳುವ ಗಂಟೆ ಬರೆದ ಕಾಗದದ ಒಂದು ಪ್ರತಿ ಸಂಘದ ಕೊಠಡಿಯಲ್ಲಿರಬೇಕು. ಕಾಡಿನೊಳಗೆ ಮೊಬೈಲಿಗೆ ಸಿಗ್ನಲ್ ಸಿಗುತ್ತದೆಂದು ನಂಬಿ ಕೂರಬಾರದು. ಸಂಜೆ ಆರಾದರೂ ಸುದ್ದಿ ಬರದಿದ್ದರೆ ಊರಲ್ಲಿರುವವರು ಕಾಯದೆ ಅರಣ್ಯ ಕಚೇರಿಗೂ 112ಕ್ಕೂ ತಿಳಿಸಬೇಕು. ತಾವೇ ಟಾರ್ಚು ಹಿಡಿದು ಕಾಡಿಗೆ ನುಗ್ಗಬಾರದು.

ಯಾರನ್ನಾದರೂ ಬಿಟ್ಟು ಹೋಗುವುದೇ ವಾಸಿ ಎಂಬ ಮಾತು ಸಮಿತಿಯಲ್ಲಿ ಬಂದರೆ ನಮ್ಮ ಉತ್ತರ ಇಷ್ಟೇ. 12 ಕಿಲೋಮೀಟರ್ ಹೆಚ್ಚಾದರೆ 6ಕ್ಕೆ ಇಳಿಸೋಣ. ನೆತ್ತಿ ಕಷ್ಟವಾದರೆ ಶೋಲಾದ ಅಂಚಿನಲ್ಲೇ ಬುತ್ತಿ ಬಿಚ್ಚೋಣ. ದಾರಿಯನ್ನು ಕಿರಿದು ಮಾಡಬಹುದು, ಗುಂಪನ್ನು ಕಿರಿದು ಮಾಡಬಾರದು. ನಿಜವಾಗಿ ನಡೆಯಲಾಗದವರು, ಬಸುರಿಯರು, ಎದೆನೋವಿನವರು ಕೆಳಗಿನ ವ್ಯಾನಿನ ಬಳಿ ಉಳಿದರೆ ಅವರ ಜೊತೆಗೂ ಇಬ್ಬರು ಉಳಿಯಲಿ, ಅವರಿಗೂ ಆ ದಿನ ಹಬ್ಬವಾಗಲಿ.

ಮುಂದಿನ ಕೂಟಕ್ಕೆ ಪ್ರತಿ ಲೈನಿನಿಂದ ಬರುವವರ ಹೆಸರು ಮತ್ತು ವಯಸ್ಸು, ಯಾರಿಗೆ ಯಾವ ಕಾಯಿಲೆ ಎಂಬ ವಿವರ, ಶುಲ್ಕ ಹಾಗೂ ವ್ಯಾನ್ ಬಾಡಿಗೆಗೆ ವಾರವಾರ ಎಷ್ಟು ಕೂಡಿಡಬಲ್ಲಿರಿ ಎಂಬ ಲೆಕ್ಕ, ಈ ಮೂರನ್ನು ಬರೆದು ತನ್ನಿ. ನಾಳೆಯಿಂದಲೇ ಯುವಕರು ಒಂದು ಕೆಲಸ ಆರಂಭಿಸಲಿ. ವಾರಕ್ಕೆ ಎರಡು ಸಂಜೆ, ಬೆಳಕಿರುವಾಗ, ಮನೆಯ ಹಿರಿಯರೊಬ್ಬರ ಜೊತೆ ತೋಟದ ರಸ್ತೆಯಲ್ಲಿ ಒಂದು ಗಂಟೆ ನಡೆಯಲಿ. ಅವರ ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯುವುದು ಜನವರಿಯ ಹೊತ್ತಿಗೆ ರೂಢಿಯಾಗಿರಬೇಕು.